ಬಾಲ್ಕನಿಯಲ್ಲೇ ಇರಲಿ ಹಿತ್ತಲ ಮದ್ದು

ಹಿಂದೆಲ್ಲ ಮನೆಯಲ್ಲಿ ಮಗು ಎರಡು ಸಲ ಸೀನಿದರೆ ಸಾಕು, ಅಜ್ಜಿ ಹಿತ್ತಲಿಗೆ ಹೋಗಿ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ತರುತ್ತಿದ್ದರು. ಈಗ ಹಿತ್ತಲೂ ಇಲ್ಲ, ಅಜ್ಜಿ ಇರುವುದೂ ಊರಲ್ಲಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಗಿಡ ಎಲ್ಲಿ ಬೆಳೆಸೋದು ಅಂತೀರಾ? ಬಟ್ಟೆ ಒಣಹಾಕುವ ಬಾಲ್ಕನಿಯಲ್ಲೇ ನಾಲ್ಕೈದು ಕುಂಡಕ್ಕೆ ಜಾಗ ಮಾಡಿಕೊಳ್ಳಿ, ಸಾಕು.

ಮಣ್ಣು, ನೀರು

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಕುಂಡದ ಗಿಡಗಳು ಬಹಳಷ್ಟು ಸಲ ಸಾಯುವುದು ನೀರು ಹೆಚ್ಚಾಗಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಹುಳು ಬಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಿಂಪಡಿಸಿ. ತಿನ್ನುವ ಎಲೆಗಳಿಗೆ ರಾಸಾಯನಿಕ ಔಷಧಿ ಬೇಡವೇ ಬೇಡ.

ಯಾವ ಗಿಡ ಹಾಕಲಿ?

ದೊಡ್ಡಪತ್ರೆ: ಪಕ್ಕದ ಮನೆಯವರಲ್ಲಿ ಗೇಣುದ್ದದ ಕಡ್ಡಿ ಕೇಳಿ ತಂದು ನೆಟ್ಟರೆ ಆಯಿತು. ಅರ್ಧ ದಿನದ ಬಿಸಿಲು ಸಾಕು. ಶೀತಕ್ಕೂ ಆಯ್ತು, ಬಜ್ಜಿಗೂ ಆಯ್ತು!

ಒಂದೆಲಗ: ಅಗಲವಾದ ಕುಂಡ, ನೆರಳು, ಸದಾ ತೇವ ಬೇಕು. ಬೇರಿರುವ ಒಂದು ಎಳೆ ನೆಟ್ಟರೆ ತಾನೇ ಹರಡಿಕೊಳ್ಳುತ್ತದೆ. ಹಿಡಿ ಎಲೆಯನ್ನು ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ ರೆಡಿ.

ತುಳಸಿ: ಬಿಸಿಲು ಚೆನ್ನಾಗಿ ಬೀಳುವ ಕಡೆ ಇಡಿ. ಹೂವಿನ ತೆನೆ ಬಂದಾಗ ಚಿವುಟುತ್ತಿದ್ದರೆ ಗಿಡ ಪೊದೆಯಾಗಿ ಬೆಳೆಯುತ್ತದೆ.

ಮಜ್ಜಿಗೆ ಹುಲ್ಲು: ಬುಡವಿರುವ ದಂಟನ್ನು ಲೋಟದ ನೀರಿನಲ್ಲಿಟ್ಟು, ಬೇರು ಬಂದ ಮೇಲೆ ನೆಡಿ. ಎರಡು ಎಳೆ ಹಾಕಿ ಕುದಿಸಿದರೆ ಚಹಾದ ಘಮವೇ ಬೇರೆ.

ಲೋಳೆಸರ: ನೀರು ವಾರಕ್ಕೊಮ್ಮೆ ಸಾಕು. ಎಲೆ ಕತ್ತರಿಸಿದಾಗ ಸುರಿಯುವ ಹಳದಿ ರಸವನ್ನು ಪೂರ್ತಿ ಸೋರಿಸಿ, ತೊಳೆದು, ಒಳಗಿನ ಲೋಳೆಯನ್ನಷ್ಟೇ ಚರ್ಮಕ್ಕೆ ಹಚ್ಚಿ. ಆ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಬಸುರಿಯರು ಲೋಳೆಸರ ಕುಡಿಯಲೇಬಾರದು.

ಮದ್ದು ಎಲ್ಲಿಯವರೆಗೆ?

ಗಿಡ ಬೆಳೆಸುವುದು ಸುಲಭ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕಷ್ಟ. ನಮ್ಮ ಎದುರು ಮನೆಯಾಕೆ ಮಗಳ ಜ್ವರಕ್ಕೆ ನಾಲ್ಕು ದಿನ ಕಷಾಯ ಕುಡಿಸಿದರು. ಜ್ವರ ಇಳಿಯಿತು, ಮದ್ದು ಹಿಡಿಯಿತು ಅಂತ ಸಮಾಧಾನಪಟ್ಟರು. ಅಂದು ರಾತ್ರಿಯೇ ಹುಡುಗಿಗೆ ಹೊಟ್ಟೆನೋವು, ಬಿಡದೆ ವಾಂತಿ. ಪರೀಕ್ಷೆ ಮಾಡಿಸಿದರೆ ಡೆಂಗೆ. ಡೆಂಗೆಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಆಕೆ ಕುಸಿದು ಕುಳಿತಿದ್ದರು. ಪುಣ್ಯಕ್ಕೆ ಮಗು ಉಳಿಯಿತು. "ಕಷಾಯದ ತಪ್ಪಲ್ಲ, ಕಾಯ್ದುಕೊಂಡು ಕೂತಿದ್ದು ತಪ್ಪು" ಅಂತ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ.

ಆದ್ದರಿಂದ ಇಷ್ಟು ನೆನಪಿರಲಿ:

* ಎರಡು ದಿನ ದಾಟಿದ ಜ್ವರ, ಉಸಿರಾಟದ ತೊಂದರೆ, ನಿಲ್ಲದ ವಾಂತಿಗೆ ಮನೆಮದ್ದಲ್ಲ, ವೈದ್ಯರೇ ಬೇಕು. ಎಳೆಗೂಸಿಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ.

* ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಬಜೆ ತೇಯ್ದು ಕೊಡುವುದೂ ಬೇಡ. ಅತ್ತೆಯವರು ಬೇಸರ ಮಾಡಿಕೊಂಡರೆ ಅವರನ್ನೂ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ. ಅದೇ ಮಾತು ವೈದ್ಯರ ಬಾಯಲ್ಲಿ ಬಂದರೆ ಒಪ್ಪುತ್ತಾರೆ.

* ಕೋವಿಡ್ ಕಾಲದಲ್ಲಿ ಅನೇಕರು ಅಮೃತಬಳ್ಳಿ ಕಷಾಯವನ್ನು ದಿನವೂ ಕುಡಿದರು. ಹಾಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾಗಿದೆ ಎಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಹೋಲುವ ಬೇರೆ ಬಳ್ಳಿ ಬಳಕೆಯಾಗಿರಬಹುದು ಎಂದಿತು. ಏನೇ ಇರಲಿ, ಗುರುತು ಖಚಿತವಿಲ್ಲದ ಬಳ್ಳಿ ಬೇಡ, ತಿಂಗಳುಗಟ್ಟಲೆ ಕಷಾಯವೂ ಬೇಡ.

* ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ದಿನನಿತ್ಯ ಕುಡಿಯಬಾರದು.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಬಾಲ್ಕನಿ ಗಿಡ ಮದ್ದೇ, ಆದರೆ ಸಣ್ಣಪುಟ್ಟದಕ್ಕೆ ಮಾತ್ರ. ಈ ಭಾನುವಾರ ಒಂದು ದೊಡ್ಡಪತ್ರೆ ಕಡ್ಡಿಯಿಂದಲೇ ಶುರು ಮಾಡಿ ನೋಡಿ.