ಉಮ್ಮನ ನೇರ್ಚೆ ಹಣ ಮತ್ತು ಚನ್ನಪಟ್ಟಣದ ದಾರಿ

ನಮ್ಮಲ್ಲಿ ಝಿಯಾರತ್ ಅಂದರೆ ಒಂದು ಬಸ್ಸು. ಉಳ್ಳಾಲವಾಗಲಿ, ಕಾಜೂರಾಗಲಿ, ದೂರದ ಅಜ್ಮೀರ್ ಆಗಲಿ, ಹಿಂದಿನ ಸೀಟಿನಲ್ಲಿ ಬಿರಿಯಾನಿ ಪಾತ್ರೆ, ಮುಂದೆ ದುಆ ಮಾಡುವ ಉಸ್ತಾದರು, ಆಮೀನ್ ಹೇಳಲು ಐವತ್ತು ಬಾಯಿ. ಒಬ್ಬರೇ ಹೊರಟರೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಎಂಥ, ಏನಾದರೂ ತೊಂದರೆ ಉಂಟಾ?’

ಈ ಸಲ ನಾವು ಒಬ್ಬರೇ ಹೊರಟೆವು. ಉಮ್ಮ ತೀರಿಹೋದ ಮೇಲೆ ಅವರ ಕಪಾಟಿನಲ್ಲಿ ಹಸಿರು ಬಟ್ಟೆಯ ಗಂಟೊಂದು ಸಿಕ್ಕಿತ್ತು. ಒಳಗೆ ಚಿಲ್ಲರೆ, ಮಡಚಿದ ನೋಟು. ಚನ್ನಪಟ್ಟಣದ ದರ್ಗಾಕ್ಕೆಂದು ಹೇಳಿಕೊಂಡಿದ್ದ ನೇರ್ಚೆ. ‘ಬರುವ ವರ್ಷ ಹೋಗುವ’ ಎಂದು ಪ್ರತಿ ವರ್ಷ ಮುಂದೂಡಿದವರು ನಾವೇ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಬೆಳಿಗ್ಗೆ ಅಲ್ಲಿಂದ ಮೈಸೂರು ಕಡೆಯ ರೈಲು. ಸುಮಾರು 50 ಕಿ.ಮೀ. ಸಾಗಿದರೆ ರಾಮನಗರ. ಬಂಡೆ ಬೆಟ್ಟಗಳ ನಡುವಿನ ಊರು. ಟಿಪ್ಪು ಕಾಲದಲ್ಲಿ ಶಂಸೇರಾಬಾದ್, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ. ಇಲ್ಲಿನ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇಂದಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. 1975ರ ‘ಶೋಲೆ’ಯ ಗಬ್ಬರ್ ಗರ್ಜಿಸಿದ್ದು ಈ ಬಂಡೆಗಳ ನಡುವೆಯೇ. ಆ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಬೆಟ್ಟ ನೋಡಿ ಕುಳಿತಾಗ ಗಂಟು ಜೇಬಿನಲ್ಲೇ ಇತ್ತು. ಮೊಣಕಾಲು ನೋವಿನ ಉಮ್ಮ ಇದ್ದಿದ್ದರೆ ಹತ್ತುತ್ತಿರಲಿಲ್ಲ. ಕೆಳಗೆ ಕುಳಿತು ನಮಗೇ ಬೈಯುತ್ತಿದ್ದರು.

ಅಲ್ಲಿಂದ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬೊಂಬೆಗಳ ಊರು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬೊಂಬೆ. ಇಲ್ಲಿ ಟಿಪ್ಪು ತನ್ನ ಗುರು ಅಖಿಲ್ ಶಾ ಖಾದ್ರಿಯವರಿಗೆ ಕಟ್ಟಿಸಿದ ಗೋರಿ ಇದೆ. ಇನ್ನೊಂದು ಗೋರಿ ಸೈಯದ್ ಇಬ್ರಾಹಿಂ ಅವರದು. ಬೆಂಗಳೂರಿನಲ್ಲಿ ಟಿಪ್ಪುವಿನ ದಳಪತಿಯಾಗಿದ್ದ ಅವರು ಸೆರೆಯಾಳುಗಳಿಗೆ ದಯೆ ತೋರಿದವರೆಂದು ಹಳೆಯ ಬ್ರಿಟಿಷ್ ಗೆಝೆಟಿಯರ್ ಬರೆದಿದೆ. ಶತ್ರುವಿನ ಪುಸ್ತಕದಲ್ಲಿ ಒಳ್ಳೆಯವರೆಂದು ಉಳಿಯುವುದು ಸಣ್ಣ ಮಾತಲ್ಲ.

ನಮ್ಮ ಶಾಫಿಈ ಲೆಕ್ಕದಲ್ಲಿ ಅಸರ್ ಆಗಿತ್ತು. ಅಲ್ಲಿ ಹನಫಿಗಳ ಬಾಂಗ್ ಇನ್ನೂ ಆಗಿರಲಿಲ್ಲ. ಮುಸಾಫಿರರಾದ್ದರಿಂದ ಝುಹರ್ ಮತ್ತು ಅಸರ್ ಜಮ್ಅ್ ಮಾಡಿ ಮುಗಿಸಿದ್ದೆವು. ಗಂಟು ಬಿಚ್ಚಿ ಹಣವನ್ನು ಡಬ್ಬಿಗೆ ಹಾಕಿ, ಅಲ್ಲಾಹನಲ್ಲಿ ಉಮ್ಮನಿಗಾಗಿ ಕೈ ಎತ್ತಿದೆವು. ಬ್ಯಾರಿ ಭಾಷೆಯಲ್ಲೇ ದುಆ ಬಂತು. ಆಮೀನ್ ಹೇಳಲು ಯಾರೂ ಇರಲಿಲ್ಲ. ಆಗ ಪಕ್ಕದಲ್ಲಿದ್ದ ಮುದುಕರೊಬ್ಬರು ತಾವೂ ಕೈ ಎತ್ತಿ ಮೆಲ್ಲನೆ ಆಮೀನ್ ಎಂದರು. ನಮ್ಮ ಭಾಷೆ ಅವರಿಗೆ ತಿಳಿದಿರಲಿಲ್ಲ.

‘ಎಲ್ಲಿಂದ?’
‘ಮಂಗಳೂರು.’
‘ಅಕೇಲೆ?’

ಹೌದೆಂದೆವು. ಅವರು ಗಂಟಿನ ಖಾಲಿ ಬಟ್ಟೆಯನ್ನು ನೋಡಿದರು. ಮತ್ತೇನೂ ಕೇಳಲಿಲ್ಲ.

ಮೊಮ್ಮಗಳಿಗೊಂದು ಮರದ ಬುಗುರಿ ತೆಗೆದುಕೊಂಡು, ಅದೇ ಹಸಿರು ಬಟ್ಟೆಯಲ್ಲಿ ಕಟ್ಟಿ ತಂದೆವು. ಒಬ್ಬರೇ ಹೋಗಲು ಹೆದರಬೇಕಾದ ದಾರಿ ಇದಲ್ಲ: ರೈಲು, ಬಸ್ಸು ಎರಡೂ ಇವೆ; ಬಿಸಿಲೇರುವ ಮೊದಲು ಬೆಟ್ಟ, ಮಧ್ಯಾಹ್ನದ ಮೇಲೆ ದರ್ಗಾ ಇಟ್ಟುಕೊಂಡರೆ ಒಂದು ಹಗಲು ಸಾಕು. ಆದರೆ ಅದಕ್ಕೂ ಮೊದಲು, ನಿಮ್ಮ ಮನೆಯ ಹಿರಿಯರ ಕಪಾಟಿನಲ್ಲಿ ಇಂಥ ಗಂಟು ಉಂಟಾ ಎಂದು ಇವತ್ತೇ ಕೇಳಿ. ಇದ್ದರೆ ಅವರನ್ನೇ ಕರೆದುಕೊಂಡು ಹೋಗಿ.