ಹರಕಲು, ಮುರುಕಲು, ಕೊರಕಲು

ಕೊರಕಲು! ಎಷ್ಟು ಸಲ ಆಡಿದ ಮಾತು. ಮಳೆನೀರು ಹರಿದು ಹರಿದು ನೆಲ ಸೀಳಿ, ಎರಡೂ ಬದಿಗೆ ಮಣ್ಣಿನ ಗೋಡೆ ಎದ್ದುನಿಂತ ಪುಟ್ಟ ಕಮರಿ, ಅಷ್ಟೇ ಎಂದುಕೊಂಡಿದ್ದೆ. ಮೊನ್ನೆ ಯಾರೋ ‘ಹರಕಲು ಅಂಗಿ’ ಎಂದರು ನೋಡಿ, ಕಿವಿ ನೆಟ್ಟಗಾಯಿತು.

ಹರಿ, ಹರಕು, ಹರಕಲು. ಮುರಿ, ಮುರುಕು, ಮುರುಕಲು. ಒಡೆ, ಒಡಕು, ಒಡಕಲು. ಹಾಗಾದರೆ ಕೊರೆ, ಕೊರಕು, ಕೊರಕಲು! ಅಯ್ಯೋ, ಇಷ್ಟು ದಿನ ಕಾಣಲೇ ಇಲ್ಲವಲ್ಲ! ಹರಕಲು ಅಂಗಿ, ಮುರುಕಲು ಮಂಚ, ಒಡಕಲು ಮಡಕೆ, ಕೊರಕಲು ದಾರಿ, ಎಲ್ಲ ಒಂದೇ ಮನೆಯ ಮಕ್ಕಳು. ಹಳ್ಳಿಯವರು ನೆಲವನ್ನೂ ಮನೆಯ ಸಾಮಾನಿನಂತೆ ಕಂಡಿದ್ದರು. ಬಳಸಿ ಸವೆದದ್ದಕ್ಕೆ ಇಟ್ಟ ಹೆಸರನ್ನೇ ನೀರು ಕೊರೆದ ಭೂಮಿಗೂ ಇಟ್ಟರು.

ಇನ್ನು ಬಿಡುವುದುಂಟೇ? ‘ಕೊರೆ’ಯ ಬೆನ್ನು ಹತ್ತಿದೆ. ಹಳಗನ್ನಡದಲ್ಲಿ ಅದು ಕೊಱೆ, ಈಗ ಮರೆಯಾಗಿರುವ ‘ಱ’ ಅಕ್ಷರದ್ದು, ಅಂದರೆ ಶಕಟರೇಫದ್ದು. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿರುಕ್ತ ಕೋಶ ಇದರ ಪಕ್ಕದಲ್ಲೇ ತಮಿಳಿನ ಕುಱೈಯನ್ನು ಕೂರಿಸುತ್ತದೆ. ಅದರರ್ಥವೂ ಕತ್ತರಿಸು! ‘ಕೊ’ ಇರುವಲ್ಲಿ ‘ಕು’ ಹೇಗೆ ಬಂತು ಎಂದಿರಾ? ನಮ್ಮ ಕೊಡೆ ತಮಿಳರಿಗೆ ಕುಡೈ, ಕೊಡ ಕುಡಂ, ಕೊಳ ಕುಳಂ. ಬಡಗಿ ಮರ ಕೊರೆಯುತ್ತಾನೆ, ಕಡಲು ದಡ ಕೊರೆದರೆ ಕಡಲ್ಕೊರೆತ, ಮಾತುಗಾರ ಸಿಕ್ಕರೆ ನಮ್ಮ ತಲೆಯನ್ನೇ ಕೊರೆಯುತ್ತಾನೆ. (ನಾನೂ ಈಗ ಅದನ್ನೇ ಮಾಡುತ್ತಿರಬಹುದು.)

ಕಣಿವೆ, ಕೊಳ್ಳ ಎಂದಾಗ ಕಣ್ಣಿಗೆ ಬರುವುದು ಜಾಗ. ಕೊರಕಲು ಎಂದಾಗ ಕೆಲಸ ಕಾಣುತ್ತದೆ. ಆ ಕೆಲಸವಾದರೂ ಎಂಥದ್ದು! 5 ಮಿಲಿಮೀಟರಿನ ಮಳೆಹನಿ ನೆಲಕ್ಕೆ ಬಡಿಯುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಮಣ್ಣು ಸಿಡಿಯುತ್ತದೆ, ನೀರು ಗೆರೆ ಎಳೆಯುತ್ತದೆ. ಉಳುಮೆಯಲ್ಲಿ ಅಳಿಸಿಹೋಗುವ ಗೆರೆಯಾದರೆ ಚಿಂತೆಯಿಲ್ಲ. ನೇಗಿಲಿಗೂ ಬಗ್ಗದಷ್ಟು ಆಳಕ್ಕಿಳಿಯಿತೋ, ಕೊರಕಲು. ಅದರ ಮೇಲ್ತುದಿಯಲ್ಲಿ ನೀರು ಪುಟ್ಟ ಜಲಪಾತದಂತೆ ಧುಮುಕಿ ಬುಡವನ್ನು ತಿನ್ನುತ್ತದೆ, ಮೇಲಿನ ಮಣ್ಣು ದೊಪ್ಪೆಂದು ಕುಸಿಯುತ್ತದೆ, ತುದಿ ಇನ್ನಷ್ಟು ಹಿಂದೆ ಸರಿಯುತ್ತದೆ. ನೀರು ಇಳಿಯುವುದು ಕೆಳಕ್ಕೆ, ಕೊರಕಲು ಬೆಳೆಯುವುದು ಮೇಲಕ್ಕೆ! ಡಕಾಯಿತರ ಕಥೆಗಳಿಂದ ನಮಗೆಲ್ಲ ಗೊತ್ತಿರುವ ಚಂಬಲ್ ತೀರದ ಬೀಹಡಗಳು ಇದೇ ಕೆಲಸದ ಭಾರೀ ರೂಪ.

ನಿಮ್ಮ ಹೊಲದ ಅಂಚಿನಲ್ಲಿ ಮೊಣಕಾಲುದ್ದದ ಕೊರಕಲೊಂದು ಕಂಡರೆ, ಮುಂಗಾರು ಬರುವ ಮೊದಲೇ ಅಡ್ಡಲಾಗಿ ಒಂದು ಕಲ್ಲೊಡ್ಡು ಹಾಕಿಬಿಡಿ.