ಹಗ್ಗ, ಗಂಟು ಮತ್ತು ಮೃಣಾಲಿನಿ ಮುಖರ್ಜಿ

ವಾಣಿಜ್ಯ ಓದುವವನಿಗೆ ಕಲೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ನಮ್ಮಜ್ಜಿ. ಊರಲ್ಲಿ ಆಕೆ ಪುಂಡಿನಾರು ಹೊಸೆದು, ಗಂಟು ಹಾಕಿ, ಮೊಸರಿನ ಗಡಿಗೆಗೆ ನೆಲುವು ಕಟ್ಟುತ್ತಿದ್ದಳು. ಅದು ಮನೆಗೆಲಸ, ಕಲೆಯಲ್ಲ ಎಂದೇ ನಾನು ತಿಳಿದಿದ್ದೆ. ಮೃಣಾಲಿನಿ ಮುಖರ್ಜಿಯವರ ಬಗ್ಗೆ ಓದಿದ ಮೇಲೆ ಆ ಲೆಕ್ಕ ತಪ್ಪೆಂದು ಗೊತ್ತಾಯಿತು.

ಮೃಣಾಲಿನಿ ಹುಟ್ಟಿದ್ದು ನಮ್ಮ ಈ ಮುಂಬಯಿಯಲ್ಲೇ, 1949ರಲ್ಲಿ. ತಾಯಿ ಲೀಲಾ ಶಿಲ್ಪಿ. ತಂದೆ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹೆಸರಾಂತ ಚಿತ್ರಕಾರರು. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಕ್ರಿಯೆ ವಿಫಲವಾಗಿ ಅವರ ದೃಷ್ಟಿ ಪೂರ್ತಿ ಹೋಯಿತು. ಆದರೂ ಸುಮ್ಮನೆ ಕೂಡಲಿಲ್ಲ. ಬಣ್ಣದ ಕಾಗದ ಕತ್ತರಿಸಿ, ಅಂಟಿಸಿ ಕೊಲಾಜ್ ಮಾಡಿದರು. ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿದರು. 1972ರಲ್ಲಿ ಸತ್ಯಜಿತ್ ರಾಯ್ ಅವರ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು.

ಮಗಳು ಬರೋಡೆಯಲ್ಲಿ ಚಿತ್ರಕಲೆ ಓದಿ, ಆಮೇಲೆ ಕೆ. ಜಿ. ಸುಬ್ರಮಣ್ಯನ್ ಅವರಲ್ಲಿ ಭಿತ್ತಿಕಲೆ ಕಲಿತರು. ಈ ಗುರುಗಳು ತಂದೆಯ ಶಿಷ್ಯರೇ. ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದಿದವರು, ಅಂದರೆ ನಮ್ಮ ಕಡೆಯವರೇ ಅನ್ನಿ! ಕಲೆ ಬೇರೆ, ಕಸಬು ಬೇರೆ ಎಂಬ ಗೋಡೆಯನ್ನು ಅವರು ಒಪ್ಪುತ್ತಿರಲಿಲ್ಲ.

ಮೃಣಾಲಿನಿ ಕೈಗೆತ್ತಿಕೊಂಡದ್ದು ಸೆಣಬಿನ ಹಗ್ಗ. ಮಗ್ಗವಿಲ್ಲ, ಮೊದಲೇ ಬರೆದ ನಕ್ಷೆಯೂ ಇಲ್ಲ. ಬಣ್ಣ ಹಾಕಿದ ಹಗ್ಗದಲ್ಲಿ ಗಂಟಿನ ಮೇಲೆ ಗಂಟು ಬಿಗಿಯುತ್ತ ಹೋಗುವುದು. ಗಂಟು ಒತ್ತಾದ ಕಡೆ ಹಗ್ಗ ಗಟ್ಟಿಯಾಗಿ ನಿಲ್ಲುತ್ತದೆ. ಸಡಿಲ ಬಿಟ್ಟಲ್ಲಿ ಸೀರೆಯ ನೆರಿಗೆಯಂತೆ ಇಳಿಬೀಳುತ್ತದೆ. ಹೀಗೆ ತಿಂಗಳುಗಟ್ಟಲೆ ದುಡಿದರೆ ಒಂದು ದೊಡ್ಡ ಮೂರ್ತಿ. 1980ರ ದಶಕದ ‘ದೇವಿ’, ‘ರುದ್ರ’, ‘ಯಕ್ಷಿ’ ಹಾಗೆ ಹುಟ್ಟಿದವು. ನೋಡಿದರೆ ಹೂವೋ, ದೇವತೆಯೋ ಹೇಳಲಾಗದು. ಹಗ್ಗದ್ದೆಂಬ ಕಾರಣಕ್ಕೆ ಅವನ್ನು ಕರಕುಶಲದ ಖಾತೆಗೆ ಬರೆದವರೂ ಉಂಟು. ಆದರೆ ಅವರು ಮಾಡಿದ್ದು ಶಿಲ್ಪ. ಮುಂದೆ ಜೇಡಿಮಣ್ಣಿನಲ್ಲೂ ಕಂಚಿನಲ್ಲೂ ಅದೇ ಕೈ ನಡೆಯಿತು.

2015ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸದ ಪ್ರದರ್ಶನ ಆರಂಭವಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯವೂ ಆ ಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿತು.

ನಮ್ಮ ಜಮಾ-ಖರ್ಚಿನ ಪುಸ್ತಕದಲ್ಲಿ ಹಗ್ಗಕ್ಕೆ ಬೆಲೆಯುಂಟು, ಕೂಲಿಗೆ ಬೆಲೆಯುಂಟು. ಗಂಟು ಹಾಕುವ ಬುದ್ಧಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಮನೆಗೆ ಫ್ರಿಜ್ ಬಂದ ವರ್ಷ ಅಜ್ಜಿಯ ನೆಲುವನ್ನು ಒಲೆಗೆ ಹಾಕಿದವನು ನಾನೇ. ಅಜ್ಜಿ ಏನೂ ಅನ್ನಲಿಲ್ಲ. ಈಗ ಆಕೆಯೂ ಇಲ್ಲ, ಆ ಗಂಟು ಹಾಕಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಜಂತಿಗೆ ಇನ್ನೂ ನೆಲುವು ತೂಗುತ್ತಿದ್ದರೆ, ದಯವಿಟ್ಟು ಕಟ್ಟಿದವರ ಹತ್ತಿರ ಕೂತು ಕಲಿತು ಬನ್ನಿ.